97 ಪರ್ಸೆಂಟೈಲ್ ಹುಡುಗನನ್ನು ನೆರೂಳಿಗೆ ಕಳಿಸಿದ್ದು

ತಂಗಿಯ ಮಗನಿಗೆ ಮಹಾರಾಷ್ಟ್ರದ ಇಂಜಿನಿಯರಿಂಗ್ ಪ್ರವೇಶ ಪರೀಕ್ಷೆ ಸಿಇಟಿಯಲ್ಲಿ 97 ಪರ್ಸೆಂಟೈಲ್ ಆಸುಪಾಸು ಬಂತು, ಅಂದರೆ ಬರೆದ ನೂರರಲ್ಲಿ 97 ಜನರಿಗಿಂತ ಮೇಲೆ. ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಎಲ್ಲರದ್ದೂ ಒಂದೇ ಮಾತು: ಕಾಲೇಜು ಯಾವುದಾದರೂ ಇರಲಿ, ಕಂಪ್ಯೂಟರ್ ತಗೊಳ್ಳಲಿ. ನಾನು ನವಿ ಮುಂಬೈಯ ನೆರೂಳಿನ ಒಂದು ಕಾಲೇಜಿನ ಇಲೆಕ್ಟ್ರಾನಿಕ್ಸ್ ಅನ್ನು ಅಡ್ಮಿಶನ್ ಫಾರ್ಮಿನ ಮೇಲಿನ ಸಾಲುಗಳಲ್ಲಿ ಹಾಕಿಸಿದೆ. ಭಾವ ಕೆಲವು ದಿನ ನನ್ನ ಜೊತೆ ಮಾತೇ ಬಿಟ್ಟರು. ಹುಡುಗ ಈಗ ಮೂರನೇ ವರ್ಷ. ಅದೇ ಭಾವ ತಮ್ಮ ಆಫೀಸಿನವರನ್ನು ಫಾರ್ಮ್ ತುಂಬಿಸಲು ನನ್ನ ಹತ್ತಿರ ಕಳಿಸುತ್ತಾರೆ. ಹೇಗೆ ಮಾಡಿದೆ ಅಂತ ಕೇಳುವವರು ಜಾಸ್ತಿ ಆಗಿದ್ದಾರೆ, ಅದಕ್ಕೆ ಬರೆಯುತ್ತಿದ್ದೇನೆ.

ಮೊದಲು ಕೈಕೊಟ್ಟ ದಾರಿಗಳನ್ನು ಹೇಳುತ್ತೇನೆ. ತಂಗಿಯ ಮನೆಯವರು ಒಬ್ಬ ಕೌನ್ಸೆಲರ್‌ಗೆ ಸುಮಾರು 12 ಸಾವಿರ ಕೊಟ್ಟಿದ್ದರು. ಸಿಕ್ಕಿದ್ದು ಹಿಂದಿನ ವರ್ಷದ ಕಟಾಫ್ ಪಟ್ಟಿಯ ಪ್ರಿಂಟ್. ಅದು ಸುಮ್ನೆ ಸಿಗುವಂಥದ್ದು. ಹುಡುಗನಿಗೆ ಏನು ಇಷ್ಟ ಅಂತ ಅವರು ಒಂದು ಮಾತೂ ಕೇಳಲಿಲ್ಲ. ಆಮೇಲೆ ನಾನು ಎಕ್ಸೆಲ್‌ನಲ್ಲಿ ಪ್ಲೇಸ್‌ಮೆಂಟ್, ಫೀಸು, ದೂರ ಎಲ್ಲಕ್ಕೂ ಅಂಕ ಹಾಕಿ ನೋಡಿದೆ. ಒಂದು ಅಂಕ ಆಚೀಚೆ ಆದರೆ ಪಟ್ಟಿಯೇ ತಲೆಕೆಳಗು. ಓಪನ್ ಡೇಗೂ ಹೋದೆವು. ಆ ದಿನ ಎಲ್ಲ ಕಾಲೇಜೂ ಮದುವೆ ಮನೆ ಥರ ಇರುತ್ತದೆ, ಏನೂ ಗೊತ್ತಾಗುವುದಿಲ್ಲ.

ಕೊನೆಗೆ ಹಿಡಿದ ದಾರಿ ಇದು. ಅಂಕ ಬರುವ ಮೊದಲೇ, ಹುಡುಗ ಹನ್ನೆರಡನೇ ಕ್ಲಾಸಿನಲ್ಲಿ ಇರುವಾಗಲೇ ಕ್ಯಾಂಪಸ್ ನೋಡಿ ಮುಗಿಸಬೇಕು. ಅಂಕ ಬಂದ ಮೇಲೆ ಕಣ್ಣು ಕಟಾಫ್ ಬಿಟ್ಟು ಬೇರೇನೂ ನೋಡುವುದಿಲ್ಲ. ಹೋಗುವುದು ಮಾಮೂಲಿ ಮಂಗಳವಾರ ಅಥವಾ ಬುಧವಾರ, ಅವನು ದಿನಾ ಹೋಗಬೇಕಾದ ಲೋಕಲ್‌ನಲ್ಲೇ, ಅದೇ ಹೊತ್ತಿಗೆ.

ಮುಂಬೈಯ ಮಾಟುಂಗಾದಲ್ಲಿರುವ ವಿಜೆಟಿಐ ಇಂಜಿನಿಯರಿಂಗ್ ಕಾಲೇಜಿಗೆ ಹೀಗೇ ಹೋದೆವು. ಕೆಲವೇ ಸ್ಟೇಷನ್‌ಗಳಲ್ಲಿ ನಿಲ್ಲುವ ಫಾಸ್ಟ್ ಗಾಡಿ ಮಾಟುಂಗಾದಲ್ಲಿ ನಿಲ್ಲುವುದಿಲ್ಲ, ಕುರ್ಲಾದಲ್ಲಿ ಇಳಿದು ಎಲ್ಲ ಕಡೆ ನಿಲ್ಲುವ ಸ್ಲೋ ಹಿಡಿಯಬೇಕು. ಬೆಳಗ್ಗೆ ಡೊಂಬಿವಲಿಯಿಂದ ಆ ಫಾಸ್ಟ್‌ನಲ್ಲಿ ನಿಂತು ಹೋಗುವುದು ಏನು ಅಂತ ನಿಮಗೆ ಗೊತ್ತು, ಅಲ್ವಾ? ಹುಡುಗ ಇಳಿಯುವಾಗ ಬಾಟಲಿಯಲ್ಲಿದ್ದ ನೀರು ಪೂರ್ತಿ ತಲೆಗೆ ಸುರಿದುಕೊಂಡ. ನೆರೂಳಿಗೆ ಹೋಗುವಾಗ ಥಾಣೆವರೆಗೆ ಮಾತ್ರ ಆ ಕಷ್ಟ. ನವಿ ಮುಂಬೈ ಕಡೆ ಹೋಗುವ ಟ್ರಾನ್ಸ್ ಹಾರ್ಬರ್ ಲೈನಿನ ಗಾಡಿ ಥಾಣೆಯಿಂದಲೇ ಹೊರಡುತ್ತದೆ. ಸ್ವಲ್ಪ ಕಾದರೆ ಸೀಟು ಸಿಗುತ್ತದೆ. ಅವನು ಕೂತು ಪುಸ್ತಕ ತೆಗೆದ. ನಾಲ್ಕು ವರ್ಷದ ಲೆಕ್ಕದಲ್ಲಿ ಇದು ಸಣ್ಣ ವಿಷಯ ಅಲ್ಲ.

ಕಾಲೇಜಿನೊಳಗೆ ನಾನು ನೋಡುವುದು ಸಂಜೆಯನ್ನು. ಕ್ಲಾಸ್ ಬಿಟ್ಟ ಮೇಲೆ ಲ್ಯಾಬ್ ತೆರೆದಿದೆಯಾ, ಲೈಬ್ರರಿ ಎಷ್ಟು ಹೊತ್ತಿಗೆ ಮುಚ್ಚುತ್ತದೆ, ನೋಟಿಸ್ ಬೋರ್ಡಿನ ಮೇಲೆ ಕ್ಲಬ್ಬುಗಳ ಚೀಟಿ ಈ ತಿಂಗಳದ್ದಾ ಹೋದ ವರ್ಷದ್ದಾ. ಒಂದು ದೊಡ್ಡ ಹೆಸರಿನ ಕಾಲೇಜಿನಲ್ಲಿ ನಾಲ್ಕೂವರೆಗೇ ಲ್ಯಾಬಿಗೆ ಬೀಗ. ನೆರೂಳಿನಲ್ಲಿ ಐದೂವರೆಗೂ ನಾಲ್ಕೈದು ಹುಡುಗರು ಒಂದು ಬೆಂಚಿನ ಸುತ್ತ ನಿಂತಿದ್ದರು. ಒಬ್ಬ ಸೋಲ್ಡರ್ ಮಾಡುತ್ತಿದ್ದ, ಇನ್ನೊಬ್ಬ ಮೊಬೈಲ್ ಟಾರ್ಚ್ ಹಿಡಿದಿದ್ದ. ನಮ್ಮವನು ಮನೆಯಲ್ಲಿ ಹಳೇ ರೇಡಿಯೋ ಬಿಚ್ಚುವ ಹುಡುಗ. ಅಲ್ಲಿ ನಿಂತವನು ಅಲುಗಲಿಲ್ಲ. "ಮಾವ, ನೀವು ಚಾ ಕುಡಿದು ಬನ್ನಿ" ಅಂದ. ಅಲ್ಲಿಗೆ ನನಗೆ ಉತ್ತರ ಸಿಕ್ಕಿತು. ಗೇಟಿನ ಸೆಕ್ಯುರಿಟಿಯವರು ನಮ್ಮನ್ನು ಹೇಗೆ ಒಳಗೆ ಬಿಟ್ಟರು, ಸೀನಿಯರ್ ಹುಡುಗರಿಗೆ ನಾನು ಕೇಳುವ ಆ ಒಂದು ಪ್ರಶ್ನೆ ಯಾವುದು, ಇವೆರಡನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ಪುಣೆಗೂ ಹೋಗಿದ್ದೆವು. ಅಲ್ಲಿನ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು ಸಿಒಇಪಿ 1854ರದ್ದು, ನದಿಯ ದಡದಲ್ಲಿ ಬೋಟ್ ಕ್ಲಬ್ ಬೇರೆ. ಹುಡುಗನಿಗೆ ಬಹಳ ಹಿಡಿಸಿತು. ಆದರೆ ಪುಣೆಯಲ್ಲಿ ಪಿಜಿ, ಮೆಸ್ ಸೇರಿ ತಿಂಗಳಿಗೆ 12-13 ಸಾವಿರ ಅಂದರು. ಇನ್ನೊಂದು, ಪುಣೆಯ ಖಾಸಗಿ ಕಾಲೇಜುಗಳ ಕಟಾಫ್ ನೋಡುವಾಗ ಮುಂಬೈ ಮಕ್ಕಳು ಹೋಮ್ ಯೂನಿವರ್ಸಿಟಿ ಸಾಲು, ಅಂದರೆ ಪುಣೆ ಯೂನಿವರ್ಸಿಟಿ ವ್ಯಾಪ್ತಿಯ ಮಕ್ಕಳ ಸಾಲು, ನೋಡಿ ಖುಷಿಪಡಬಾರದು. ನಮ್ಮದು ಹೊರಗಿನವರ ಸಾಲು. ಹಾಗೇ ಒಂದು ಮದುವೆಗೆ ಗೋವಾಕ್ಕೆ ಹೋದಾಗ ಝುವಾರಿನಗರದ ಬಿಟ್ಸ್ (ಬಿಟ್ಸ್ ಪಿಲಾನಿಯ ಗೋವಾ ಕಾಲೇಜು) ಕ್ಯಾಂಪಸ್ ಕೂಡ ಹೊರಗಿನಿಂದ ನೋಡಿ ಬಂದೆವು. ಅದರ ಪರೀಕ್ಷೆಯೇ ಬೇರೆ, ಫೀಸು ನಮ್ಮ ಕೈಗೆ ಎಟುಕುವಂಥದ್ದಲ್ಲ. ಆದರೂ ಊರಾಚೆಯ ರೆಸಿಡೆನ್ಶಿಯಲ್ ಕ್ಯಾಂಪಸ್ ಅವನಿಗೆ ಆಗುವುದಿಲ್ಲ ಅಂತ ಆ ದಿನ ಖಚಿತ ಆಯಿತು. ಅವನಿಗೆ ರಾತ್ರಿ ಊಟಕ್ಕೆ ಮನೆ ಬೇಕು.

ಇನ್ನು ಫಾರ್ಮು. ಎಲ್ಲರೂ ಕಟಾಫ್ ಇಳಿಯುವ ಕ್ರಮದಲ್ಲಿ ತುಂಬುತ್ತಾರೆ. ನಾನು ಇಷ್ಟದ ಕ್ರಮದಲ್ಲಿ ತುಂಬಿಸಿದೆ. ಸಿಗದ ಸೀಟನ್ನು ಮೇಲೆ ಬರೆದರೆ ನಷ್ಟ ಇಲ್ಲ, ಮೆರಿಟ್ ಪ್ರಕಾರ ಕೆಳಗಿನದ್ದು ಸಿಕ್ಕೇ ಸಿಗುತ್ತದೆ. ಆದರೆ ಮೊದಲ ರೌಂಡಿನಲ್ಲಿ ಮೊದಲ ಆಪ್ಶನ್ನೇ ಬಂದರೆ ಅದನ್ನು ತಗೊಳ್ಳಲೇಬೇಕು, ಬೆಟರ್‌ಮೆಂಟ್ (ಮುಂದಿನ ರೌಂಡಿನಲ್ಲಿ ಬೇರೆ ಸೀಟಿಗೆ ಪ್ರಯತ್ನ) ಇಲ್ಲ. ಹಾಗಾಗಿ ಒಂದನೇ ಸಾಲಿನಲ್ಲಿ ಬೇರೆಯವರ ಆಸೆ ಬರೆಯಬೇಡಿ. ನಮ್ಮದರಲ್ಲಿ ಸಿಒಇಪಿ ಒಂದನೇದು, ಬಂದರೆ ಸಾಲ ಮಾಡಿಯಾದರೂ ಕಳಿಸುವುದು ಅಂತ ತಂಗಿಯೇ ಹೇಳಿದ್ದಳು. ವಿಜೆಟಿಐ ಎರಡು. ಮೂರನೇ ಸಾಲಿನಲ್ಲೇ ನೆರೂಳು, ಅದೂ ಟಿಎಫ್‌ಡಬ್ಲ್ಯುಎಸ್ ಕೋಡ್, ಅಂದರೆ ಟ್ಯೂಷನ್ ಫೀ ಮಾಫಿಯ ಸೀಟು. ಭಾವನಿಗೆ ಸಿಟ್ಟು ಬಂದಿದ್ದು ಇಲ್ಲೇ. ವರ್ಷದ ಆದಾಯ 8 ಲಕ್ಷದೊಳಗೆ ಇರುವ ಎಷ್ಟೋ ಮನೆಯವರು ಈ ಕೋಡನ್ನು ಬೇರೆ ಆಪ್ಶನ್ ಆಗಿ ಹಾಕುವುದನ್ನೇ ಬಿಡುತ್ತಾರೆ. ಆ ಸೀಟುಗಳು ಕಡಿಮೆ, ಕಟಾಫ್ ಜಾಸ್ತಿ. ದೊಡ್ಡ ಕಾಲೇಜಿನಲ್ಲಿ 97ಕ್ಕೆ ಬರುತ್ತಿರಲಿಲ್ಲ. ಇಲ್ಲಿ ಬಂತು. ಟ್ಯೂಷನ್ ಫೀ ಪೂರ್ತಿ ಮಾಫಿ, ಬೇರೆ ಖರ್ಚು ಅಂತ ವರ್ಷಕ್ಕೆ 20 ಸಾವಿರದ ಹತ್ತಿರ ಕಟ್ಟುತ್ತಾರೆ. ಇಲ್ಲದಿದ್ದರೆ ಲಕ್ಷದ ಮೇಲೆ ಹೋಗುತ್ತಿತ್ತು. ಆ ಉಳಿತಾಯದಲ್ಲಿ ಹುಡುಗನಿಗೆ ಒಂದು ಒಳ್ಳೆ ಆಸಿಲೋಸ್ಕೋಪ್ (ಸರ್ಕ್ಯೂಟಿನ ಸಿಗ್ನಲ್ ತೆರೆಯ ಮೇಲೆ ತೋರಿಸುವ ಯಂತ್ರ) ಕೊಡಿಸಿದರು.

ಈ ವರ್ಷ ಪಕ್ಕದ ಮನೆಯ ಹುಡುಗಿಗೆ ಬಾಟನಿ ಓದಬೇಕು. ಮುಂಬೈಯ ರುಯಾ, ವಿಲ್ಸನ್, ಝೇವಿಯರ್ಸ್ ಕಾಲೇಜುಗಳನ್ನು ನೋಡುತ್ತಿದ್ದೇವೆ. ಇಂಜಿನಿಯರಿಂಗ್‌ಗೆ ಇರುವಂಥ ಒಟ್ಟು ಸೀಟು ಹಂಚಿಕೆ (ಕ್ಯಾಪ್) ಬಿಎಸ್‌ಸಿಗೆ ಇಲ್ಲ, ಒಂದೊಂದು ಕಾಲೇಜಿನ ಮೆರಿಟ್ ಲಿಸ್ಟ್ ಬೇರೆ ಬೇರೆ. ಕೋರ್ಸು ಏಡೆಡ್ಡಾ (ಸರ್ಕಾರದ ಅನುದಾನದ್ದು) ಸೆಲ್ಫ್ ಫೈನಾನ್ಸಾ (ಅನುದಾನ ಇಲ್ಲದ್ದು) ಅಂತ ಮೊದಲೇ ಕೇಳಬೇಕು, ಒಂದೇ ಕಾಲೇಜಿನಲ್ಲಿ ಫೀಸು ಎಷ್ಟೋ ಪಟ್ಟು ಬೇರೆ ಇರುತ್ತದೆ. ಬರುವ ಬುಧವಾರ ರುಯಾಗೆ ಹೊರಟಿದ್ದೇವೆ, ಬೆಳಗಿನ ಫಾಸ್ಟ್‌ನಲ್ಲೇ.