ಕಂಪ್ಯೂಟರ್ ಎಲ್ಲಿ ನಿಂತಿತು, ಮೊದಲು ಅದನ್ನು ನೋಡಿ

ಜುಲೈ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಮುಂಬಯಿ ಹತ್ತಿರದ ಡೊಂಬಿವಲಿಯಿಂದ ಮಾವನ ಫೋನು. "ಕಂಪ್ಯೂಟರ್ ಸತ್ತೇ ಹೋಯ್ತು ಮಾರಾಯ. ಸಂಘದ ಸ್ಮರಣ ಸಂಚಿಕೆ ಪೂರ್ತಿ ಅದರಲ್ಲೇ ಇದೆ." ಅಷ್ಟು ಹೊತ್ತಿಗೆ ಅವರು ಹತ್ತಿರದ ಅಂಗಡಿಯ ಹುಡುಗನನ್ನೂ ಕರೆಸಿಯಾಗಿತ್ತು. ಅವನು ಎರಡು ನಿಮಿಷ ನೋಡಿ, "ಮದರ್‌ಬೋರ್ಡ್ ಗಯಾ ಅಂಕಲ್, ಫಾರ್ಮ್ಯಾಟ್ ಭೀ ಕರ್ನಾ ಪಡೇಗಾ" ಅಂತ ಹೇಳಿ ಹೋಗಿದ್ದ. ಮದರ್‌ಬೋರ್ಡ್ ಹೋದರೆ ಫಾರ್ಮ್ಯಾಟ್ ಯಾಕೆ ಮಾಡಬೇಕು, ಅಂದರೆ ಡಿಸ್ಕ್ ಪೂರ್ತಿ ಯಾಕೆ ಅಳಿಸಬೇಕು ಅಂತ ಮಾವ ಕೇಳಲಿಲ್ಲ. ಹೆದರಿದವರು ಕೇಳುವುದಿಲ್ಲ.

ನಾನು ಕೇಳಿದ್ದು ಒಂದೇ ಪ್ರಶ್ನೆ: ಬಟನ್ ಒತ್ತಿದ ಮೇಲೆ ಎಲ್ಲಿವರೆಗೆ ಹೋಗುತ್ತದೆ?

ಕಲ್ಯಾಣದಿಂದ ಹೊರಟ ಸ್ಲೋ ಲೋಕಲ್ ನಿಂತುಬಿಟ್ಟರೆ "ಗಾಡಿ ನಿಂತಿದೆ" ಅಂದರೆ ಸಾಲದು. ಠಾಣೆ ದಾಟಿತ್ತಾ, ಕುರ್ಲಾ ಬಂದಿತ್ತಾ ಅಂತ ಹೇಳಬೇಕು. ಕಂಪ್ಯೂಟರ್‌ನ ದಾರಿಯಲ್ಲೂ ಹಾಗೇ ಸ್ಟೇಷನ್‌ಗಳಿವೆ. ಮೊದಲು ಕರೆಂಟು ಬರಬೇಕು. ಆಮೇಲೆ ಬೋರ್ಡು (ಎಲ್ಲ ಭಾಗಗಳನ್ನೂ ಜೋಡಿಸುವ ಮದರ್‌ಬೋರ್ಡ್) ತನ್ನ ತಾತ್ಕಾಲಿಕ ನೆನಪಿನ ಪಟ್ಟಿಯಾದ ರ್‍ಯಾಮ್, ಕೀಬೋರ್ಡ್ ಎಲ್ಲ ಸರಿಯಿದೆಯಾ ಅಂತ ನೋಡಿಕೊಂಡು ಕಂಪನಿಯ ಲೋಗೊ ತೋರಿಸುತ್ತದೆ. ನಂತರ ಡಿಸ್ಕ್ ಹುಡುಕುತ್ತದೆ, ಅದರಿಂದ ವಿಂಡೋಸ್ ಎಬ್ಬಿಸುತ್ತದೆ. ಯಾವ ಸ್ಟೇಷನ್‌ನಲ್ಲಿ ನಿಂತಿತು ಅಂತ ಗೊತ್ತಾದರೆ ಅರ್ಧ ಕೆಲಸ ಆದ ಹಾಗೆ. ಸ್ಕ್ರೀನ್ ಮೇಲೆ ಏನಾದರೂ ಅಕ್ಷರ ಕಂಡರೆ ಓದುತ್ತಾ ಕೂರಬೇಡಿ, ಮೊಬೈಲ್‌ನಲ್ಲಿ ಫೋಟೊ ಹೊಡೆದುಕೊಳ್ಳಿ. ಮತ್ತೆ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ನಾಲ್ಕು ವೈರು ಒಟ್ಟಿಗೆ ಕಿತ್ತು ಹಾಕಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತೇ ಆಗುವುದಿಲ್ಲ.

ಏನೂ ಇಲ್ಲ, ಲೈಟೂ ಇಲ್ಲ

ಗೋಡೆಯಿಂದ ಶುರು ಮಾಡಿ. ಅದೇ ಪ್ಲಗ್ ಪಾಯಿಂಟ್‌ಗೆ ಮೊಬೈಲ್ ಚಾರ್ಜರ್ ಹಾಕಿ ನೋಡಿ. ಕರೆಂಟ್ ಇದ್ದರೆ ಯುಪಿಎಸ್ ಮತ್ತು ಎಕ್ಸ್‌ಟೆನ್ಷನ್ ಬೋರ್ಡ್ ಎರಡನ್ನೂ ಬಿಟ್ಟು ಕಂಪ್ಯೂಟರ್‌ನ ವೈರನ್ನು ನೇರ ಗೋಡೆಗೆ ಚುಚ್ಚಿ. ಮನೆಯ ಸಣ್ಣ ಯುಪಿಎಸ್ ಒಳಗಿರುವುದು 12 ವೋಲ್ಟಿನ ಲೆಡ್ ಆಸಿಡ್ ಬ್ಯಾಟರಿ. ಎರಡು ಮೂರು ವರ್ಷಕ್ಕೆ ಅದರ ಕಸುವು ಹೋಗುತ್ತದೆ. ಕರೆಂಟ್ ಒಂದು ಕ್ಷಣ ಮಿಟುಕಿಸಿದರೂ ಕಂಪ್ಯೂಟರ್ ಆರಿಹೋಗುತ್ತದೆ, ನಾವು ವಿಂಡೋಸ್‌ಗೆ ಬೈಯುತ್ತೇವೆ. ನಮ್ಮ ಮನೆಯಲ್ಲೇ ಒಂದು ತಿಂಗಳು ಹೀಗೆ ಬೈದಾಗಿದೆ.

ಆಮೇಲೆ ಡೆಸ್ಕ್‌ಟಾಪ್ ಹಿಂದೆ ವೈರು ಸೇರುವ ಕಡೆ ಒಂದು ಸಣ್ಣ ಸ್ವಿಚ್ ಇರುತ್ತದೆ. ಗೆರೆಯ ಕಡೆ ಒತ್ತಿದ್ದರೆ ಆನ್, ಸೊನ್ನೆಯ ಕಡೆ ಒತ್ತಿದ್ದರೆ ಆಫ್. ಕಸ ಗುಡಿಸುವಾಗ ಪೊರಕೆ ತಗಲಿ ಆಫ್ ಆದದ್ದನ್ನು ನಾನೇ ಮೂರು ಮನೆಯಲ್ಲಿ ನೋಡಿದ್ದೇನೆ.

ಇಷ್ಟಾದರೂ ಅಲುಗದಿದ್ದರೆ ವೈರು ಪೂರ್ತಿ ಕಿತ್ತು, ಪವರ್ ಬಟನ್ನನ್ನು 30 ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗೆ ಉಳಿದ ಚಾರ್ಜ್ ಖಾಲಿಯಾಗುತ್ತದೆ. ಲ್ಯಾಪ್‌ಟಾಪ್‌ಗೂ ಇದೇ ಮದ್ದು: ಅಡಾಪ್ಟರ್, ಮೌಸ್, ಪ್ರಿಂಟರ್ ಎಲ್ಲ ತೆಗೆದು, ಅಷ್ಟೇ ಹೊತ್ತು ಬಟನ್ ಒತ್ತಿ, ಆಮೇಲೆ ಅಡಾಪ್ಟರ್ ಮಾತ್ರ ಹಾಕಿ ಆನ್ ಮಾಡಿ. ಕೇಳಿದರೆ ನಗು ಬರುತ್ತದೆ, ಆದರೆ "ಸತ್ತ" ಲ್ಯಾಪ್‌ಟಾಪ್‌ಗಳು ಇದರಿಂದ ಏಳುವುದುಂಟು. ಲ್ಯಾಪ್‌ಟಾಪ್‌ನ ತಳ ಉಬ್ಬಿದ ಹಾಗೆ ಕಂಡರೆ ಮಾತ್ರ ಏನೂ ಮಾಡಬೇಡಿ. ಅದು ಬ್ಯಾಟರಿ ಊದಿಕೊಂಡಿರುವುದು. ಆಫ್ ಮಾಡಿ ಅಂಗಡಿಗೆ ಒಯ್ಯಿರಿ.

ಮುಂಬಯಿಯ ಹಳೇ ಚಾಳುಗಳಲ್ಲಿ ಇರುವವರಿಗೆ ಒಂದು ಮಾತು. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತದಾ? ಪ್ಲಗ್ ಪಾಯಿಂಟ್‌ನಲ್ಲಿ ಅರ್ತಿಂಗ್ ಇಲ್ಲ ಅಂತ ಅರ್ಥ. ಪವರ್ ಸಪ್ಲೈ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳು ಒಂಚೂರು ಕರೆಂಟನ್ನು ಅರ್ತ್ ಕಡೆ ದಾಟಿಸುತ್ತವೆ. ಅರ್ತ್ ಇಲ್ಲದಿದ್ದಾಗ ಅದು ತಗಡಿನ ಮೇಲೇ ಕೂತು ನಿಮ್ಮ ಬೆರಳಿಗೆ ಕಾಯುತ್ತದೆ. ಮೂರು ಪಿನ್ನಿನ ಪ್ಲಗ್‌ಗೆ ಎರಡು ಪಿನ್ನಿನ ಅಡಾಪ್ಟರ್ ಹಾಕಿ ಸುಮ್ನೆ ನಡೆಸುವವರು ಒಂದು ಸಲ ಎಲೆಕ್ಟ್ರಿಷಿಯನ್‌ನನ್ನು ಕರೆಸಿ. ಪವರ್ ಸಪ್ಲೈ ಡಬ್ಬಿಯನ್ನು ಮಾತ್ರ ನೀವು ಬಿಚ್ಚಲೇಬೇಡಿ. ವೈರು ಕಿತ್ತ ಮೇಲೂ ಅದರೊಳಗೆ ಹೊಡೆಯುವಷ್ಟು ವೋಲ್ಟೇಜ್ ಉಳಿದಿರುತ್ತದೆ.

ಫ್ಯಾನ್ ತಿರುಗುತ್ತದೆ, ಸ್ಕ್ರೀನ್ ಕಪ್ಪು

ಮಾವನ ಗಾಡಿ ನಿಂತದ್ದು ಇಲ್ಲೇ. ಮೊದಲು ಮಾನಿಟರ್ ಮೇಲೆ ಅನುಮಾನ ಪಡಿ. "ನೋ ಸಿಗ್ನಲ್" ಅಂತ ಬರುತ್ತಿದೆ ಅಂದರೆ ಮಾನಿಟರ್ ಬದುಕಿದೆ, ಅದಕ್ಕೆ ಚಿತ್ರ ಸಿಗುತ್ತಿಲ್ಲ ಅಷ್ಟೇ. ಕೇಬಲ್ ಎರಡೂ ತುದಿ ಬಿಗಿಯಿದೆಯಾ? ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ್ದರೆ ಕೇಬಲ್ ಅದಕ್ಕೇ ಹೋಗಬೇಕು, ಮೇಲಿನ ಬೋರ್ಡಿನ ಕಿಂಡಿಗಲ್ಲ.

ಅದು ಸರಿಯಿದ್ದರೆ ರ್‍ಯಾಮ್. ನಮ್ಮ ಮುಂಬಯಿಯಲ್ಲಿ ಇದೇ ಜಾಸ್ತಿ. ಕಾರಣ ಗಾಳಿ. ಸಮುದ್ರದ ಉಪ್ಪು, ಮಳೆಗಾಲದ ತೇವ ಎರಡೂ ಸೇರಿ ಸಂಪರ್ಕದ ಜಾಗದಲ್ಲಿ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆ ಕಟ್ಟುತ್ತದೆ. ವಾರಗಟ್ಟಲೆ ಆನ್ ಮಾಡದೆ ಇಟ್ಟ ಕಂಪ್ಯೂಟರ್‌ಗೆ ಇದರ ಕಾಟ ಇನ್ನೂ ಜಾಸ್ತಿ. ನಡೆಯುತ್ತಿದ್ದರೆ ಒಳಗಿನ ಬಿಸಿಗೆ ತೇವ ಆರುತ್ತದೆ. ಅದಕ್ಕೇ ಮಳೆಗಾಲದಲ್ಲಿ ಊರಿಗೆ ಹೋಗಿಬಂದ ಮೇಲೆ ಈ ತೊಂದರೆ ಶುರುವಾಗುವುದು.

ನಾನು ಅಂಧೇರಿಯಲ್ಲಿ, ಮಾವ ಡೊಂಬಿವಲಿಯಲ್ಲಿ. ವಿಡಿಯೊ ಕಾಲ್‌ನಲ್ಲೇ ಮಾಡಿಸಿದೆ. ವೈರು ಕಿತ್ತು, ಬಟನ್ ಒತ್ತಿ ಚಾರ್ಜ್ ಖಾಲಿ ಮಾಡಿದರು. ಕ್ಯಾಬಿನೆಟ್‌ನ ಹಿಂದಿನ ಎರಡು ಸ್ಕ್ರೂ ಬಿಚ್ಚಿ ಎಡಗಡೆ ಬಾಗಿಲನ್ನು ಹಿಂದಕ್ಕೆ ಎಳೆದರು. ಬಣ್ಣ ಹಚ್ಚದ ಲೋಹದ ಭಾಗವನ್ನು ಒಂದು ಕೈಯಲ್ಲಿ ಮುಟ್ಟಿಕೊಂಡರು, ಮೈಯಲ್ಲಿರುವ ಸ್ಟ್ಯಾಟಿಕ್ ಇಳಿಯಲಿ ಅಂತ. ಪ್ರೊಸೆಸರ್ ಫ್ಯಾನಿನ ಪಕ್ಕ ಉದ್ದನೆಯ ಹಸಿರು ಪಟ್ಟಿ ನಿಂತಿರುತ್ತದೆ, ಅದೇ ರ್‍ಯಾಮ್. ಅದರ ತುದಿಯ ಕ್ಲಿಪ್ ಹೊರಕ್ಕೆ ಒತ್ತಿದರೆ ಪಟ್ಟಿ ತಾನಾಗಿ ಎದ್ದು ಬರುತ್ತದೆ. ಕೆಳಗಿನ ಅಂಚಿನಲ್ಲಿ ಸಾಲಾಗಿ ಚಿನ್ನದ ಬಣ್ಣದ ಹಲ್ಲುಗಳಿರುತ್ತವೆ. ಡಿಡಿಆರ್4 ಅನ್ನುವ ಬಗೆಯದಾದರೆ ಎರಡೂ ಬದಿ ಸೇರಿ 288. ಮೊಮ್ಮಗಳ ಕಂಪಾಸ್ ಬಾಕ್ಸ್‌ನಿಂದ ಬಿಳಿ ರಬ್ಬರ್ ತಂದರು. ಹಲ್ಲುಗಳ ಮೇಲೆ ಒಂದೇ ದಿಕ್ಕಿಗೆ ಹಗುರವಾಗಿ ಉಜ್ಜಿದರು. ರಬ್ಬರ್ ಬೂದು ಬಣ್ಣಕ್ಕೆ ತಿರುಗಿದ್ದನ್ನು ಫೋನಿಗೆ ಹಿಡಿದು ತೋರಿಸಿದರು, "ನೋಡು, ಎಷ್ಟು ಕೊಳೆ!" ಪುಡಿ ಊದಬೇಡಿ ಅಂದೆ, ಬಾಯಿಯ ತೇವ ಮತ್ತೆ ಅಲ್ಲೇ ಕೂರುತ್ತದೆ. ಒಣ ಬ್ರಷ್‌ನಿಂದ ಒರೆಸಿಸಿದೆ.

ವಾಪಸ್ ಕೂರಿಸುವುದರಲ್ಲೇ ಹೆಚ್ಚಿನವರು ಎಡವುತ್ತಾರೆ. ಪಟ್ಟಿಯ ನಡುವೆ ಒಂದು ಕಚ್ಚು ಇದೆ, ಅದು ಕಿಂಡಿಯ ಉಬ್ಬಿಗೆ ಸರಿಹೊಂದಬೇಕು. ಆಮೇಲೆ ಎರಡೂ ತುದಿಯನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಬೇಕು. "ಟಕ್" ಅಂತ ಕ್ಲಿಪ್ ಬೀಳುವವರೆಗೆ. ಮಾವ ಹೆದರಿ ಮೆಲ್ಲಗೆ ಒತ್ತುತ್ತಿದ್ದರು. ಜೋರಾಗಿ ಒತ್ತಿ ಅಂತ ನಾಲ್ಕು ಸಲ ಹೇಳಬೇಕಾಯಿತು.

ಎರಡು ಪಟ್ಟಿ ಇದ್ದರೆ ಒಂದನ್ನೇ ಹಾಕಿ ನೋಡಿ, ಆಮೇಲೆ ಇನ್ನೊಂದನ್ನು. ಡಿಡಿಆರ್5 ಇರುವ ಹೊಸ ಮೆಷಿನ್‌ಗಳಲ್ಲಿ ರ್‍ಯಾಮ್ ತೆಗೆದು ಹಾಕಿದ ಮೇಲೆ ಮೊದಲ ಸಲ ಕೆಲವು ನಿಮಿಷ ಸ್ಕ್ರೀನ್ ಕಪ್ಪಾಗೇ ಇರಬಹುದು. ಬೋರ್ಡು ರ್‍ಯಾಮ್‌ನ ವೇಗಕ್ಕೆ ಹೊಂದಿಕೊಳ್ಳುತ್ತಿರುತ್ತದೆ. ಗಾಬರಿಯಾಗಿ ಆಫ್ ಮಾಡಿದರೆ ಅದು ಮತ್ತೆ ಮೊದಲಿನಿಂದ ಶುರು ಮಾಡುತ್ತದೆ.

ಲೋಗೊ ಬರುತ್ತದೆ, ಮುಂದೆ ಹೋಗಲ್ಲ

"ನೋ ಬೂಟೆಬಲ್ ಡಿವೈಸ್" ಅಂತ ಬಂದರೆ ಡಿಸ್ಕ್ ಸಿಕ್ಕಿಲ್ಲ ಅಂತ. ಮೊದಲು ಪೆನ್‌ಡ್ರೈವ್, ಮೆಮೊರಿ ಕಾರ್ಡ್ ಎಲ್ಲ ತೆಗೆಯಿರಿ. ಕೆಲವು ಬೋರ್ಡುಗಳು ವಿಂಡೋಸ್‌ಗಾಗಿ ಪೆನ್‌ಡ್ರೈವ್‌ನಲ್ಲೇ ಹುಡುಕುತ್ತಾ ಕೂರುತ್ತವೆ. ಆಮೇಲೆ ಆನ್ ಮಾಡಿದ ತಕ್ಷಣ ಡಿಲೀಟ್ ಅಥವಾ ಎಫ್2 ಕೀ ಟಕಟಕ ಒತ್ತಿ ಸೆಟಪ್, ಅಂದರೆ ಬೋರ್ಡಿನ ಸೆಟ್ಟಿಂಗ್ ಪುಟದ ಒಳಗೆ ಹೋಗಿ. ಎಚ್‌ಪಿ ಆದರೆ ಎಫ್10. ಅಲ್ಲಿ ನಿಮ್ಮ ಡಿಸ್ಕ್‌ನ ಹೆಸರು ಕಾಣುತ್ತದಾ ನೋಡಿ.

ಅಲ್ಲೇ ತಾರೀಖನ್ನೂ ನೋಡಿ. ಎಷ್ಟೋ ವರ್ಷ ಹಿಂದಿನದು ತೋರಿಸುತ್ತಿದ್ದರೆ ಬೋರ್ಡಿನ ಮೇಲಿನ ನಾಣ್ಯದಂಥ ಸೆಲ್ ಮುಗಿದಿದೆ. ಅದರ ಹೆಸರು ಸಿಆರ್2032, 3 ವೋಲ್ಟ್. ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಅದು ಮುಗಿದರೆ ಸೆಟ್ಟಿಂಗ್ ಎಲ್ಲ ಮರೆತುಹೋಗಿ, ಯಾವ ಡಿಸ್ಕ್‌ನಿಂದ ಏಳಬೇಕು ಅನ್ನುವುದೇ ಬೋರ್ಡಿಗೆ ನೆನಪಿರುವುದಿಲ್ಲ.

ಹೆಸರೇ ಕಾಣದಿದ್ದರೆ ಡಿಸ್ಕ್‌ನ ಕೇಬಲ್ ತೆಗೆದು ಹಾಕಿ. ಹಳೇ ಹಾರ್ಡ್‌ಡಿಸ್ಕ್ "ಟಿಕ್, ಟಿಕ್" ಅಂತ ಒಂದೇ ಲಯದಲ್ಲಿ ಸದ್ದು ಮಾಡುತ್ತಿದ್ದರೆ ಅಲ್ಲಿಗೆ ನಿಲ್ಲಿಸಿ. ಮತ್ತೆ ಮತ್ತೆ ಆನ್ ಮಾಡಬೇಡಿ, ರಿಪೇರಿ ಸಾಫ್ಟ್‌ವೇರ್ ಓಡಿಸಬೇಡಿ. ಪ್ರತಿ ಸಲ ತಿರುಗಿದಾಗಲೂ ಒಳಗಿನ ತಟ್ಟೆಗೆ ಗೀರು ಬೀಳಬಹುದು. ತಿರುಗುವ ತಟ್ಟೆಯೇ ಇಲ್ಲದ ಹೊಸ ಬಗೆಯ ಡಿಸ್ಕ್ ಎಸ್‌ಎಸ್‌ಡಿ ಸದ್ದಿಲ್ಲದೆ ಹೋಗುತ್ತದೆ, ಮುನ್ಸೂಚನೆ ಕೊಡುವುದು ಕಡಿಮೆ.

ವಿಂಡೋಸ್ ಶುರುವಾಗಿ ಬೀಳುತ್ತದೆ

ಇಲ್ಲಿಗೆ ಬಂದಿದ್ದರೆ ಯಂತ್ರ ಬಹುತೇಕ ಸರಿಯಿದೆ ಅಂತ ಸಮಾಧಾನ ಪಡಿ. ಲೋಗೊ ಕೆಳಗೆ ಚುಕ್ಕೆಗಳು ಸುತ್ತುವಾಗ ಪವರ್ ಬಟನ್ನನ್ನು 10 ಸೆಕೆಂಡ್ ಒತ್ತಿ ಆಫ್ ಮಾಡಿ. ಎರಡು ಮೂರು ಸಲ ಹೀಗೆ ಮಾಡಿದರೆ ವಿಂಡೋಸ್ ತಾನೇ ರಿಪೇರಿ ಪರದೆಗೆ ಹೋಗುತ್ತದೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಷನ್ಸ್, ಸ್ಟಾರ್ಟ್‌ಅಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್. ಆಮೇಲೆ ಬರುವ ಪಟ್ಟಿಯಲ್ಲಿ 4 ಒತ್ತಿದರೆ ಸೇಫ್ ಮೋಡ್. ಅತಿ ಬೇಕಾದ ಡ್ರೈವರ್‌ಗಳಷ್ಟನ್ನೇ, ಅಂದರೆ ಯಂತ್ರದ ಭಾಗಗಳನ್ನು ನಡೆಸುವ ಸಣ್ಣ ಸಾಫ್ಟ್‌ವೇರ್‌ಗಳನ್ನು, ಇಟ್ಟುಕೊಂಡು ವಿಂಡೋಸ್ ಏಳುತ್ತದೆ.

ಸೇಫ್ ಮೋಡ್‌ನಲ್ಲಿ ಅರ್ಧ ಗಂಟೆ ಆರಾಮಾಗಿ ನಡೆದರೆ ತಪ್ಪು ಯಾವುದೋ ಡ್ರೈವರ್‌ನದು ಅಥವಾ ಸಾಫ್ಟ್‌ವೇರ್‌ನದು. ಈಚೆಗೆ ಹಾಕಿದ್ದನ್ನು ತೆಗೆಯಿರಿ. ಅಲ್ಲೂ ಬಿದ್ದರೆ ಮತ್ತೆ ರ್‍ಯಾಮ್, ಡಿಸ್ಕ್, ಬಿಸಿ ಇವುಗಳ ಕಡೆ ತಿರುಗಿ. 2024ರ ಜುಲೈ 19ರಂದು ಲೋಕದ ತುಂಬಾ ವಿಮಾನ ನಿಲ್ದಾಣಗಳೂ ಸೇರಿ ಎಲ್ಲೆಲ್ಲೋ ಕಂಪ್ಯೂಟರ್‌ಗಳು ನೀಲಿ ಸ್ಕ್ರೀನ್‌ಗೆ ಬಿದ್ದವಲ್ಲ, ಕ್ರೌಡ್‌ಸ್ಟ್ರೈಕ್ ಅನ್ನುವ ಸೆಕ್ಯುರಿಟಿ ಸಾಫ್ಟ್‌ವೇರ್ ಕಂಪನಿಯ ಒಂದು ಅಪ್‌ಡೇಟ್‌ನಿಂದ, ಸುಮಾರು 85 ಲಕ್ಷ ಮೆಷಿನ್? ಅವುಗಳಲ್ಲಿ ಎಷ್ಟನ್ನೋ ಎಬ್ಬಿಸಿದ್ದು ಇದೇ ಸೇಫ್ ಮೋಡ್‌ಗೆ ಹೋಗಿ ಒಂದು ಫೈಲ್ ಅಳಿಸಿ.

ಅದೇ ಅಡ್ವಾನ್ಸ್‌ಡ್ ಆಪ್ಷನ್ಸ್‌ನಲ್ಲಿ ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್ ಮತ್ತು ಸಿಸ್ಟಮ್ ರೀಸ್ಟೋರ್ ಇವೆ. ನಿಮ್ಮ ಫೋಟೊ, ಪತ್ರಗಳನ್ನು ಇವೆರಡೂ ಮುಟ್ಟುವುದಿಲ್ಲ. "ರೀಸೆಟ್ ದಿಸ್ ಪಿಸಿ" ಮಾತ್ರ ಕೊನೆಗೆ, ಅದೂ ಕಾಪಿ ಇದ್ದರೆ. ನಡುವೆ ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್‌ನ 48 ಅಂಕಿಯ ಕೀ ಕೇಳಿದರೆ ಬೆವರಬೇಡಿ. ಬಹಳ ಲ್ಯಾಪ್‌ಟಾಪ್‌ಗಳಲ್ಲಿ ಅದು ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಸೇವ್ ಆಗಿರುತ್ತದೆ, ಮೊಬೈಲ್‌ನಿಂದಲೇ ಲಾಗಿನ್ ಆಗಿ ನೋಡಬಹುದು. ಈಗಲೇ ಒಂದು ಕಾಗದದಲ್ಲಿ ಬರೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು.

ವಿಂಡೋಸ್ ಬಿದ್ದಾಗ ಸ್ಕ್ರೀನ್ ಮೇಲೆ ಬರುವ ಕೋಡ್ ಸುಳಿವು ಕೊಡುತ್ತದೆ. "ಮೆಮೊರಿ ಮ್ಯಾನೇಜ್‌ಮೆಂಟ್" ಅಂತಿದ್ದರೆ ಮೊದಲು ರ್‍ಯಾಮ್ ನೋಡಿ. "ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್" ಅಂದರೆ ಡಿಸ್ಕ್ ಅಥವಾ ಅದರ ಡ್ರೈವರ್. ಈ ಪರದೆ ಈಗ ನೀಲಿಯೇ ಆಗಿರಬೇಕಂತಿಲ್ಲ, ವಿಂಡೋಸ್ 11ರಲ್ಲಿ 2025ರಿಂದ ಅದು ಕಪ್ಪು.

ನಡೆಯುತ್ತಾ ನಡೆಯುತ್ತಾ ಆರಿಹೋಗುತ್ತದೆ

ಹತ್ತಿಪ್ಪತ್ತು ನಿಮಿಷಕ್ಕೆ, ಅದೂ ವಿಡಿಯೊ ಅಥವಾ ಗೇಮ್ ನಡೆಯುವಾಗ ಆರಿದರೆ ಬಿಸಿಯೇ ಕಾರಣ ಅಂತ ನಾನಂತೂ ಹಿಡಿಯುತ್ತೇನೆ. ಪ್ರೊಸೆಸರ್ ನೂರು ಡಿಗ್ರಿಯ ಆಸುಪಾಸಿಗೆ ಹೋದರೆ ಮೊದಲು ನಿಧಾನವಾಗುತ್ತದೆ, ಆಗಲೂ ತಣಿಯದಿದ್ದರೆ ತನ್ನನ್ನು ಉಳಿಸಿಕೊಳ್ಳಲು ಆಫ್ ಆಗುತ್ತದೆ. ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಂಡು, ಮೆತ್ತನೆ ಬ್ರಷ್‌ನಿಂದ ಧೂಳು ತೆಗೆಯಿರಿ. ಹಿಡಿಯದೆ ಗಾಳಿ ಹೊಡೆದರೆ ರೆಕ್ಕೆ ಅತಿ ವೇಗಕ್ಕೆ ತಿರುಗಿ ಫ್ಯಾನೇ ಕೆಡುತ್ತದೆ. ಲ್ಯಾಪ್‌ಟಾಪನ್ನು ಹಾಸಿಗೆ ಮೇಲೆ ಇಟ್ಟು ಬಳಸುವುದಂತೂ ಅದರ ಮೂಗು ಮುಚ್ಚಿದ ಹಾಗೆ.

ಯಾವತ್ತಿನಿಂದ ಕೆಟ್ಟಿತು ಅಂತ ತಿಳಿಯಬೇಕಾ? ಸ್ಟಾರ್ಟ್ ಮೆನುವಿನಲ್ಲಿ ರಿಲಯಬಿಲಿಟಿ ಅಂತ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ. ದಿನಕ್ಕೊಂದು ಕಾಲಮ್, ಬಿದ್ದ ದಿನಕ್ಕೆ ಕೆಂಪು ಗುಂಡು. ಮೊದಲ ಕೆಂಪಿನ ಹಿಂದಿನ ದಿನ ಏನು ಹಾಕಿದ್ದಿರಿ ನೋಡಿ. ಇಷ್ಟು ಒಳ್ಳೆಯ ಚೀಟಿ ವಿಂಡೋಸ್ ಒಳಗೇ ಇದೆ, ಯಾರೂ ತೆರೆಯುವುದಿಲ್ಲ.

ಅಂಗಡಿಗೆ ಹೋಗಲೇಬೇಕಾದರೆ

ಗ್ರ್ಯಾಂಟ್ ರೋಡ್ ಸ್ಟೇಷನ್‌ನಿಂದ ನಡೆದುಹೋಗುವಷ್ಟು ದೂರದಲ್ಲಿ ಲ್ಯಾಮಿಂಗ್ಟನ್ ರೋಡ್, ಮುಂಬಯಿಯ ಕಂಪ್ಯೂಟರ್ ಅಂಗಡಿಗಳ ಬೀದಿ. ಬೋರ್ಡಿನಲ್ಲಿ ಡಾ. ಭಡಕಮಕರ್ ಮಾರ್ಗ ಅಂತಿದೆ, ಆ ಹೆಸರಲ್ಲಿ ಯಾರೂ ಕರೆಯಲ್ಲ. "ಕಂಪ್ಯೂಟರ್ ಹಾಳಾಗಿದೆ" ಅಂತ ಹೋದರೆ ಕೇಳಿದ ಬೆಲೆ ಕೊಡಬೇಕು. "ಫ್ಯಾನ್ ತಿರುಗುತ್ತದೆ, ರ್‍ಯಾಮ್ ಬದಲಿಸಿ ನೋಡಿಯಾಗಿದೆ, ಡಿಸ್ಪ್ಲೇ ಇಲ್ಲ" ಅಂತ ಹೋದರೆ ಮಾತಿನ ಧಾಟಿಯೇ ಬೇರೆಯಾಗುತ್ತದೆ. ಕೊಡುವ ಮೊದಲು ಡಿಸ್ಕ್ ಬಿಚ್ಚಿ ಮನೆಯಲ್ಲೇ ಇಟ್ಟುಕೊಳ್ಳಿ. ಯುಎಸ್‌ಬಿ ಕೇಸ್ ಒಂದು ಕೊಂಡರೆ ಅದನ್ನೇ ಬೇರೆ ಕಂಪ್ಯೂಟರ್‌ಗೆ ಚುಚ್ಚಿ ಫೈಲ್ ಕಾಪಿ ಮಾಡಿಕೊಳ್ಳಬಹುದು. ನೆರೆನೀರು ಹೊಕ್ಕ ಕಂಪ್ಯೂಟರ್ ಆದರೆ ಆನ್ ಮಾಡಿ ನೋಡುವ ಆಸೆಯೇ ಬೇಡ. ನೀರಿಗಿಂತ, ನೀರಿದ್ದಾಗ ಹರಿದ ಕರೆಂಟೇ ಬೋರ್ಡನ್ನು ಸುಡುವುದು.

ಮಾವನ ಮೆಷಿನ್ ಅವತ್ತೇ ಎದ್ದಿತು. ಸ್ಮರಣ ಸಂಚಿಕೆಯೂ ಹೊರಬಂತು. ಎಲ್ಲವನ್ನೂ ದಿನಾ ಪೆನ್‌ಡ್ರೈವ್‌ಗೆ ಕಾಪಿ ಮಾಡಿ ಅಂತ ಹೇಳಿದ್ದೆ, ಮಾಡುತ್ತಿದ್ದರು. ಗಣೇಶ ಚೌತಿಯ ಹಿಂದಿನ ದಿನ ಮತ್ತೆ ಫೋನು.

"ಈ ಸಲ ಲೋಗೊ ಬರ್ತದೆ ಮಾರಾಯ, ಮುಂದೆ ಹೋಗೂದಿಲ್ಲ."

"ಪೆನ್‌ಡ್ರೈವ್ ಎಲ್ಲಿದೆ ಮಾವ?"

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ವಿಂಡೋಸ್ ಏಳುವ ಸದ್ದು ಕೇಳಿಸಿತು.