ಸರ್ವರ್ ಇಲ್ಲದೆ ಯಕ್ಷಗಾನ ಹಂಚುವುದು ಹೇಗೆ?

ಮುಲುಂಡಿನ ಗೆಳೆಯರೊಬ್ಬರು ತಮ್ಮ ಬಳಗದ ಯಕ್ಷಗಾನದ ವಿಡಿಯೊಗಳನ್ನು, ಒಟ್ಟು 60 ಜಿಬಿ, ಟೊರೆಂಟ್ (ಕಂಪ್ಯೂಟರಿನಿಂದ ಕಂಪ್ಯೂಟರಿಗೆ ನೇರವಾಗಿ ಕಡತ ಹಂಚುವ ವಿಧಾನ) ಮಾಡಿ ಎಲ್ಲರಿಗೂ ಕೊಂಡಿ ಕಳುಹಿಸಿದರು. ಆಮೇಲೆ ಲ್ಯಾಪ್‌ಟಾಪ್ ಮುಚ್ಚಿ ಕುಂದಾಪುರದ ಬಸ್ ಹತ್ತಿದರು. ಪುಣೆಯವರಿಗೂ ಮಡಗಾಂವಿನವರಿಗೂ ಒಂದು ತುಣುಕೂ ಇಳಿಯಲಿಲ್ಲ. "ನೆಟ್‌ವರ್ಕಿಗೆ ಹಾಕಿದ್ದೇನಲ್ಲ!" ಎಂದು ಅವರ ವಾದ. ಹಾಕಲು ಅಲ್ಲಿ ಉಗ್ರಾಣವೇ ಇಲ್ಲ. ಕಡತ ಇರುವುದು ನಿಮ್ಮ ಡಿಸ್ಕಿನಲ್ಲಿ. ಅದು ಯಾರ ಬಳಿ ಇದೆ ಎಂಬುದಷ್ಟೇ ಜಾಲಕ್ಕೆ ನೆನಪಿರುತ್ತದೆ.

ಮೊದಲು ಕಡತಗಳನ್ನೆಲ್ಲ ಒಂದೇ ಫೋಲ್ಡರಿಗೆ ಸೇರಿಸಿ, ಹೆಸರುಗಳನ್ನು ಈಗಲೇ ತಿದ್ದಿ. ಆಮೇಲೆ ಮುಟ್ಟಬೇಡಿ.

ಎರಡನೆಯದು, ಟೊರೆಂಟ್ ತಯಾರಿ. ಇದನ್ನು ಮಾಡುವ ತಂತ್ರಾಂಶಗಳಲ್ಲಿ ನಾನು ಕ್ಯೂಬಿಟ್‌ಟೊರೆಂಟ್ ಬಿಟ್ಟು ಬೇರೆಯದನ್ನು ಸೂಚಿಸುವುದಿಲ್ಲ. ಜಾಹೀರಾತು ತುಂಬಿದ ತಂತ್ರಾಂಶಗಳಿಗೆ ಕಂಪ್ಯೂಟರಿನಲ್ಲಿ ಜಾಗ ಕೊಡಬೇಡಿ. ಕ್ಯೂಬಿಟ್‌ಟೊರೆಂಟ್ ಕಡತಗಳನ್ನು ತುಣುಕುಗಳಾಗಿ ವಿಂಗಡಿಸಿ ಪ್ರತಿಯೊಂದಕ್ಕೂ 20 ಬೈಟ್‌ನ ಹ್ಯಾಶ್, ಅಂದರೆ ಒಳಗಿನ ಮಾಹಿತಿಯಿಂದ ಹುಟ್ಟುವ ಬೆರಳಚ್ಚಿನಂಥ ಸಂಖ್ಯೆ, ಲೆಕ್ಕ ಹಾಕುತ್ತದೆ. ಯಾರಾದರೂ ಕೆಟ್ಟ ತುಣುಕು ಕಳುಹಿಸಿದರೆ ಹ್ಯಾಶ್ ತಾಳೆಯಾಗದೆ ಅದು ಕಸಕ್ಕೆ ಹೋಗುತ್ತದೆ. ತುಣುಕುಗಳ ಹ್ಯಾಶ್ ಮತ್ತು ಕಡತಗಳ ಹೆಸರುಗಳೆಲ್ಲ ಸೇರಿದ ಪಟ್ಟಿಗೂ ಒಂದು ಹ್ಯಾಶ್ ಇದೆ. ಕೊಂಡಿಯಲ್ಲಿ ಹೋಗುವುದು ಅದೇ. ಹೆಸರು ಬದಲಿಸಿ ಮತ್ತೆ ಟೊರೆಂಟ್ ಮಾಡಿದರೆ ಹ್ಯಾಶ್ ಬೇರೆಯಾಗುತ್ತದೆ, ಹಳೆಯ ಕೊಂಡಿ ಹಿಡಿದವರು ಅನಾಥರಾಗುತ್ತಾರೆ.

ಇಲ್ಲಿ 'ಪ್ರೈವೇಟ್' ಎಂಬ ಚೌಕವೊಂದಿದೆ. ಸಭ್ಯರೆಲ್ಲ ಅದಕ್ಕೆ ಗುರುತು ಹಾಕಿ ಕೆಡುತ್ತಾರೆ. ಅದು ಗೌಪ್ಯತೆಯನ್ನು ಕೊಡುವುದಿಲ್ಲ. ಮುಂದೆ ಹೇಳುವ ಹುಡುಕಾಟವನ್ನೇ ನಿಲ್ಲಿಸಿಬಿಡುತ್ತದೆ. ಖಾಲಿ ಬಿಡಿ. ನಿಮ್ಮ ಐಪಿ ವಿಳಾಸ, ಅಂದರೆ ಅಂತರಜಾಲದಲ್ಲಿ ನಿಮ್ಮ ಸಂಪರ್ಕದ ಸಂಖ್ಯೆ, ಇತರರಿಗೆ ಕಾಣುತ್ತದೆ ಎಂಬುದೂ ತಿಳಿದಿರಲಿ. ಸದಸ್ಯರ ಫೋನ್ ಪಟ್ಟಿಯನ್ನು ಇದರಲ್ಲಿ ಹಂಚಬೇಡಿ.

ಮೂರನೆಯದು, ಹುಡುಕಾಟ. ನೀವು ಮಾಡಬೇಕಾದ್ದು ತಂತ್ರಾಂಶದಲ್ಲಿ ಡಿಎಚ್‌ಟಿ (ಯಾರ ಬಳಿ ಏನಿದೆ ಎಂಬ ಸೂಚಿಯನ್ನು ಎಲ್ಲರ ಕಂಪ್ಯೂಟರುಗಳಿಗೂ ಹಂಚುವ ವ್ಯವಸ್ಥೆ) ಚಾಲೂ ಇದೆಯೇ ಎಂದು ನೋಡುವುದಷ್ಟೇ, ಆದರೆ ಗೊಂದಲವೆಲ್ಲ ಇಲ್ಲಿಯೇ. 1999ರಲ್ಲಿ ಬಂದ, ಹಾಡು ಹಂಚುವ ನ್ಯಾಪ್‌ಸ್ಟರ್‌ನಲ್ಲಿ ಈ ಸೂಚಿ ಕಂಪನಿಯ ಸರ್ವರ್‌ಗಳಲ್ಲಿತ್ತು. 2001ರಲ್ಲಿ ನ್ಯಾಯಾಲಯದ ಆದೇಶದಿಂದ ಅದು ನಿಂತಾಗ ಜಾಲವೇ ನಿಂತಿತು. 2000ರ ನ್ಯುಟೆಲ್ಲಾ ಜಾಲ ಸೂಚಿಯೇ ಇಲ್ಲದೆ ಸಿಕ್ಕಸಿಕ್ಕವರನ್ನೆಲ್ಲ ಕೇಳಿ ದಣಿಯಿತು. 2002ರಲ್ಲಿ ಪೆಟಾರ್ ಮೇಮೌಂಕೋವ್ ಮತ್ತು ಡೇವಿಡ್ ಮಾಜಿಯೆರ್ ರೂಪಿಸಿದ ಕಡೆಮ್ಲಿಯಾ ಎಂಬ ವಿಧಾನ ಸೂಚಿಯನ್ನೇ ಹಂಚಿಬಿಟ್ಟಿತು. ಟೊರೆಂಟಿನ ಡಿಎಚ್‌ಟಿ ನಡೆಯುವುದು ಅದರ ಮೇಲೆಯೇ.

ಪ್ರತಿ ಕಂಪ್ಯೂಟರಿಗೂ 160 ಬಿಟ್‌ನ (160 ಸೊನ್ನೆ-ಒಂದುಗಳ) ಗುರುತಿನ ಸಂಖ್ಯೆ ಇರುತ್ತದೆ. ಹ್ಯಾಶ್ ಕೂಡ ಅಷ್ಟೇ ಉದ್ದ. ಯಾರ ಸಂಖ್ಯೆ ಹ್ಯಾಶ್‌ಗೆ ಅತಿ ಹತ್ತಿರವೋ ಅಂಥ ಎಂಟು ಕಂಪ್ಯೂಟರುಗಳು ನಿಮ್ಮ ವಿಳಾಸವನ್ನು ಬರೆದಿಟ್ಟುಕೊಳ್ಳುತ್ತವೆ. ಹತ್ತಿರ ಅಂದರೆ? ಎರಡು ಸಂಖ್ಯೆಗಳನ್ನು ಒಂದರ ಕೆಳಗೊಂದು ಬರೆಯಿರಿ. ಬಿಟ್ ಒಂದೇ ಇದ್ದಲ್ಲಿ 0, ಬೇರೆ ಇದ್ದಲ್ಲಿ 1. 1011 ಮತ್ತು 1001ರ ನಡುವೆ 0010, ದ್ವಿಮಾನ ಪದ್ಧತಿಯಲ್ಲಿ ಓದಿದರೆ ದೂರ 2. 1011 ಮತ್ತು 0011ರ ನಡುವೆ 1000, ಅಂದರೆ 8. ಭೂಗೋಳಕ್ಕೂ ಇದಕ್ಕೂ ಸಂಬಂಧವಿಲ್ಲ. ನಿಮ್ಮ ನೆರೆಯವನು ಬ್ರೆಜಿಲ್‌ನಲ್ಲಿರಬಹುದು.

ಡೊಂಬಿವಲಿಯಲ್ಲಿ ಮನೆ ಹುಡುಕುವ ಹೊಸಬನನ್ನು ದಾದರಿನ ಹೋಟೆಲಿನವರು ಠಾಣೆಯ ಪರಿಚಿತರತ್ತ ಕಳುಹಿಸುತ್ತಾರೆ, ಅವರು ಡೊಂಬಿವಲಿಯ ಅಂಗಡಿಯೊಂದರತ್ತ. ಇಲ್ಲಿಯೂ ಹಾಗೆಯೇ: ಗೊತ್ತಿಲ್ಲದವನು ತನಗಿಂತ ಹತ್ತಿರದವರ ವಿಳಾಸ ಕೊಡುತ್ತಾನೆ. ಪ್ರತಿ ಸಲ ಉಳಿದ ದೂರ ಅರ್ಧಕ್ಕಿಳಿದರೂ ಹತ್ತು ಲಕ್ಷ ಕಂಪ್ಯೂಟರುಗಳಲ್ಲಿ ಸುಮಾರು 20 ಹೆಜ್ಜೆ ಸಾಕು. ಬರೆದಿಟ್ಟ ವಿಳಾಸಕ್ಕೆ ಆಯುಸ್ಸು ಕಡಿಮೆ, ನಿಮ್ಮ ತಂತ್ರಾಂಶ ಅದನ್ನು ಆಗಾಗ ನವೀಕರಿಸುತ್ತಿರಬೇಕು. ಲ್ಯಾಪ್‌ಟಾಪ್ ಮುಚ್ಚಿದರೆ ಅದೂ ಇಲ್ಲ, ಕಡತವೂ ಇಲ್ಲ.

ಕೊನೆಗೆ ಪರೀಕ್ಷೆ. ಮನೆಯ ವೈಫೈಯಲ್ಲೇ ಇನ್ನೊಂದು ಕಂಪ್ಯೂಟರಿನಿಂದ ಪರೀಕ್ಷಿಸುವುದು ಶುದ್ಧ ಮೋಸ. ಒಂದೇ ಮನೆಯ ಯಂತ್ರಗಳು ಡಿಎಚ್‌ಟಿ ಇಲ್ಲದೆಯೂ ಪರಸ್ಪರ ಕಂಡುಕೊಳ್ಳುತ್ತವೆ. ಆ ಕಂಪ್ಯೂಟರನ್ನು ಮೊಬೈಲ್ ಹಾಟ್‌ಸ್ಪಾಟಿಗೆ ಸೇರಿಸಿ ನೋಡಿ. ಎಷ್ಟೋ ಇಂಟರ್ನೆಟ್ ಸಂಪರ್ಕಗಳಲ್ಲಿ ಹಲವು ಗ್ರಾಹಕರಿಗೆ ಒಂದೇ ಹೊರವಿಳಾಸವಿರುತ್ತದೆ, ಹೊರಗಿನ ಕರೆ ಒಳಕ್ಕೆ ಬರುವುದಿಲ್ಲ. ಬಳಗದಲ್ಲಿ ಒಬ್ಬರಾದರೂ ಪೋರ್ಟ್ (ಹೊರಗಿನ ಕರೆ ಒಳಬರುವ ಬಾಗಿಲು) ತೆರೆದಿಟ್ಟವರು ಬೇಕು.

ಇಬ್ಬರ ಬಳಿ ನೂರಕ್ಕೆ ನೂರು ಇಳಿಯುವ ತನಕ ಊರಿಗೆ ಹೋಗಬೇಡಿ. ಮುಲುಂಡಿನವರು ಈಗ ಹಳೆಯ ಡೆಸ್ಕ್‌ಟಾಪ್ ಒಂದನ್ನು ನಿದ್ರೆಯ ಸೆಟ್ಟಿಂಗ್ ತೆಗೆದು ಅಟ್ಟದ ಕೆಳಗೆ ಇಟ್ಟಿದ್ದಾರೆ. ಪ್ಲಗ್ಗಿನ ಮೇಲೆ ಕನ್ನಡದಲ್ಲೂ ಮರಾಠಿಯಲ್ಲೂ ಚೀಟಿ ಅಂಟಿಸಿದೆ: ಆರಿಸಬೇಡಿ.