ವಿಎಸ್‌ಟಿ2 ಬಿಟ್ಟು ವಿಎಸ್‌ಟಿ3ಗೆ ಹೋಗಬೇಕಾ?
ವಿಎಸ್‌ಟಿ ಅಂದರೆ ಸಂಗೀತ ಸಾಫ್ಟ್‌ವೇರ್‌ಗೆ ಸೇರಿಸುವ ವಾದ್ಯ, ಎಫೆಕ್ಟ್‌ಗಳ (ಪ್ಲಗಿನ್‌ಗಳ) ಒಂದು ರೂಪ; 2 ಹಳೇದು, 3 ಹೊಸದು. ಹೊಸ ಪ್ರಾಜೆಕ್ಟ್‌ಗಳಿಗೆ ವಿಎಸ್‌ಟಿ3 ಬಳಸಿ. ಆದರೆ ಸೌಂಡ್ ಚೆನ್ನಾಗಾಗುತ್ತೆ ಅಂತ ಅಲ್ಲ. ಒಂದೇ ಪ್ಲಗಿನ್‌ನ ಎರಡೂ ರೂಪಗಳಲ್ಲಿ ಸಾಮಾನ್ಯವಾಗಿ ದನಿ ಒಂದೇ.

ಲಾಭ ಬೇರೆ ಕಡೆ ಇದೆ. ಸೈಡ್‌ಚೈನ್ (ಒಂದು ಟ್ರ್ಯಾಕ್‌ನ ಸದ್ದಿನಿಂದ ಇನ್ನೊಂದರ ಎಫೆಕ್ಟ್ ನಿಯಂತ್ರಿಸುವುದು) ಜೋಡಿಸುವುದು ಸುಲಭ. ಟ್ರ್ಯಾಕ್‌ನಲ್ಲಿ ಸದ್ದಿಲ್ಲದಾಗ ಪ್ಲಗಿನ್ ಸುಮ್ನೆ ಕೂರಬಲ್ಲದು, ಸಿಪಿಯುಗೆ ಹೊರೆ ಕಡಿಮೆ. ಎಲ್ಲ ಪ್ಲಗಿನ್‌ಗಳೂ ಇದನ್ನು ಸರಿಯಾಗಿ ಮಾಡಲ್ಲ ಅನ್ನೋದು ಬೇರೆ ಮಾತು. ವಿಎಸ್‌ಟಿ3 ಬಂದಿದ್ದು 2008ರಲ್ಲಿ. 2018ರಲ್ಲಿ ವಿಎಸ್‌ಟಿ ರೂಪಿಸಿದ ಸ್ಟೈನ್‌ಬರ್ಗ್ ಕಂಪನಿ, ವಿಎಸ್‌ಟಿ2 ಪ್ಲಗಿನ್ ತಯಾರಿಸುವ ಕಿಟ್ ಕೊಡುವುದನ್ನೇ ನಿಲ್ಲಿಸಿತು. ಹಾಗಾಗಿ ಹೊಸ ಪ್ಲಗಿನ್‌ಗಳಲ್ಲಿ ಹಳೇ ರೂಪ ಸಿಗುವುದೇ ಅಪರೂಪ.

ಹಳೇ ವಿಎಸ್‌ಟಿ2 ಫೈಲ್‌ಗಳನ್ನು ಮಾತ್ರ ಈಗಲೇ ಅಳಿಸಬೇಡಿ. ಹಳೇ ಪ್ರಾಜೆಕ್ಟ್ ತೆರೆದಾಗ ಎಷ್ಟೋ ಸಲ ಡಿಎಡಬ್ಲ್ಯೂ (ರೆಕಾರ್ಡ್, ಮಿಕ್ಸ್ ಮಾಡುವ ಸಂಗೀತ ಸಾಫ್ಟ್‌ವೇರ್) ಆ ಹಳೇ ಫೈಲನ್ನೇ ಹುಡುಕುತ್ತೆ. ಸಿಗದಿದ್ದರೆ ಸೆಟ್ಟಿಂಗ್, ಆಟೋಮೇಷನ್ (ಹಾಡು ಸಾಗಿದಂತೆ ತಾವೇ ಬದಲಾಗುವಂತೆ ಬರೆದಿಟ್ಟ ಹೊಂದಿಕೆಗಳು) ಎಲ್ಲಾ ಕೈಬಿಟ್ಟಂತೆ. ಮುಖ್ಯವಾದ ಟ್ರ್ಯಾಕ್‌ಗಳನ್ನು ಆಡಿಯೋ ಆಗಿ ಬೌನ್ಸ್ ಮಾಡಿಟ್ಟುಕೊಳ್ಳಿ (ಪ್ಲಗಿನ್ ಸಮೇತದ ದನಿಯನ್ನು ಆಡಿಯೋ ಫೈಲ್ ಆಗಿ ಉಳಿಸಿ), ಆಮೇಲೆ ಅಳಿಸಿ.